ಎರಡು ಗಂಟೆಯ ದಾರಿ

14 ನವೆಂಬರ್ 2024, ಗುರುವಾರ
ಮ್ಯೂನಿಕ್

ಸಂಜೆ ಅಮ್ಮನ ಫೋನು ಬಂದಾಗ ಮೈಸೂರಿನಲ್ಲಿ ರಾತ್ರಿ ಹತ್ತೂವರೆ ದಾಟಿತ್ತು. ಆ ಹೊತ್ತಿಗೆ ಅವಳು ಎಚ್ಚರವಾಗಿರುವುದೇ ಇಲ್ಲ. ಲಂಡನ್ನಿನಲ್ಲಿ ತಂಗಿ ಮೆಟ್ಟಿಲಿನಿಂದ ಜಾರಿ ಬಿದ್ದು ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಸುದ್ದಿ ಅಲ್ಲಿಗೂ ಮುಟ್ಟಿದೆ ಎಂದು ರಿಂಗಾಗುವಾಗಲೇ ಅನ್ನಿಸಿತು.

"ಎರಡು ಗಂಟೆ ದಾರಿ ಅಂತ ನೀನೇ ಹೇಳಿದ್ದೆಯಲ್ಲ, ನಮಗೆ ಬೆಂಗಳೂರಿಗೆ ಹೋದ ಹಾಗೆ. ನಾಳೆ ಹೋಗಿ ಅವಳಿಗೆ ಒಂದಿಷ್ಟು ಅನ್ನ ಸಾರು ಮಾಡಿಟ್ಟು ಬರೋಕೆ ಆಗಲ್ವಾ?"

ಹೌದು, ಹೇಳಿದ್ದೆ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಮ್ಯೂನಿಕ್‌ನಿಂದ ಲಂಡನ್ನಿಗೆ ನೇರ ಗೆರೆಯಲ್ಲಿ ಸುಮಾರು 920 ಕಿ.ಮೀ., ವಿಮಾನದಲ್ಲಿ ಎರಡು ಗಂಟೆಯ ಆಸುಪಾಸು. ಟಿಕೆಟ್ಟಿನಲ್ಲಂತೂ ಅದು ಇನ್ನೂ ಹತ್ತಿರವಾಗಿ ಕಾಣುತ್ತದೆ. ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದಿರುವುದರಿಂದ ಇಲ್ಲಿ 7ಕ್ಕೆ ಹೊರಟ ವಿಮಾನ ಅಲ್ಲಿ 8ಕ್ಕೆ ಇಳಿಯುತ್ತದೆ. ಮರಳಿ ಬರುವಾಗ ಪಶ್ಚಿಮದ ಗಾಳಿ ಬೆನ್ನಿಗಿದ್ದು ಹಾರಾಟ ಸ್ವಲ್ಪ ಬೇಗ ಮುಗಿದರೂ, ಟಿಕೆಟ್ಟಿನ ಪ್ರಕಾರ ಮೂರು ಗಂಟೆಯ ಹತ್ತಿರ ಹತ್ತಿರವಾಗುತ್ತದೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಮಾತ್ರ ಅರ್ಧ ದಿನ ಬೇಕು: ಇಲ್ಲಿನ ವಿಮಾನ ನಿಲ್ದಾಣಕ್ಕೇ ಎಸ್-ಬಾನ್ ರೈಲಿನಲ್ಲಿ ಮುಕ್ಕಾಲು ಗಂಟೆ, ಭದ್ರತಾ ತಪಾಸಣೆಯ ಸಾಲು, ಹೀಥ್ರೂದಲ್ಲಿ ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು, ಅಲ್ಲಿಂದ ಊರೊಳಕ್ಕೆ ಮತ್ತೊಂದು ರೈಲು. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅರ್ಧ ದಿನವಾದರೇನು, ಹೊರಡು ಎಂದಳು.

ಹೇಳದೆ ಉಳಿಸಿಕೊಂಡಿದ್ದು ವೀಸಾದ ಮಾತು. ಬರ್ಲಿನ್‌ಗೋ ವಿಯೆನ್ನಾಗೋ ಆಗಿದ್ದರೆ ಈ ರಾತ್ರಿಯೇ ರೈಲು ಹತ್ತುತ್ತಿದ್ದೆ. ಬ್ರಿಟನ್ ಮಾತ್ರ ಷೆಂಗೆನ್‌ನ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ, ಜರ್ಮನಿಯ ವಾಸದ ಪರವಾನಗಿ ಕೈಯಲ್ಲಿದ್ದರೂ ಭಾರತದ ಪಾಸ್‌ಪೋರ್ಟಿನವರು ಅಲ್ಲಿಗೆ ಬೇರೆಯೇ ವೀಸಾ ಪಡೆಯಬೇಕು. ನಾನು ಹಿಂದೆ ತೆಗೆದುಕೊಂಡಿದ್ದ ಆರು ತಿಂಗಳ ವೀಸಾ ಆಗಸ್ಟ್‌ನಲ್ಲಿ ಮುಗಿಯಿತು. ಮತ್ತೆ ಅರ್ಜಿ ತುಂಬಿ, ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ ಕಾಯಬೇಕು. ಹೆಚ್ಚಿನ ಶುಲ್ಕ ಕಟ್ಟಿದರೆ ಐದು ಕೆಲಸದ ದಿನಗಳಲ್ಲಿ ಸಿಗಬಹುದು. ತಂಗಿಯ ಕಡೆಯಿಂದ ನೋಡಿದರೂ ಇದೇ ಕಥೆ, ನಮ್ಮಲ್ಲಿಗೆ ಬರಲು ಅವಳಿಗೆ ಷೆಂಗೆನ್ ವೀಸಾ ಬೇಕು. ಆರು ವರ್ಷಗಳಲ್ಲಿ ನಾವು ಯುರೋಪಿನಲ್ಲಿ ಭೇಟಿಯಾಗಿದ್ದಕ್ಕಿಂತ ಮೈಸೂರಿನಲ್ಲಿ ಭೇಟಿಯಾಗಿದ್ದೇ ಹೆಚ್ಚು.

ಊಟದ ಹೊತ್ತಿಗೆ ಅವಳೇ ಒಂದು ಫೋಟೋ ಕಳಿಸಿದಳು. ದಿಂಬಿನ ಮೇಲೆ ಬಿಳಿಯ ಪ್ಲಾಸ್ಟರಿನ ಕಾಲು, ಪಕ್ಕದ ಸ್ಟೂಲಿನ ಮೇಲೆ ಮುಚ್ಚಳ ತೆರೆದ ಮೊಸರಿನ ಡಬ್ಬಿ, ಅದರೊಳಗೇ ನಿಂತ ಚಮಚ. ಅನ್ನವಿಲ್ಲ. "ಆರಾಮಾಗಿದ್ದೀನಿ ಅಕ್ಕಾ" ಎಂದು ಕೆಳಗೆ ಬರೆದಿದ್ದಳು. ಕುಳಿತು ಅಳಬೇಕೆನಿಸಿತು, ಅಳಲಿಲ್ಲ, ಲ್ಯಾಪ್‌ಟಾಪ್ ತೆರೆದೆ.

ಪ್ಲಾಸ್ಟರ್ ಆರು ವಾರ ಇರುತ್ತದಂತೆ. ಅರ್ಜಿಯಲ್ಲಿ ಪ್ರಯಾಣದ ದಿನಾಂಕ ಕೇಳಿದ್ದಾರೆ. ಮೂರು ವಾರ ಎಣಿಸಿ ಡಿಸೆಂಬರ್ 6 ಎಂದು ತುಂಬಿದೆ, ಆ ಮೊಸರಿನ ಡಬ್ಬಿ ನೆನಪಾಗಿ ಅಳಿಸಿದೆ. ಹೆಚ್ಚಿನ ಶುಲ್ಕ ಕಟ್ಟಿದರೆ 22ರ ಶುಕ್ರವಾರದ ಹೊತ್ತಿಗೆ ಸಿಕ್ಕೀತು, ಆದರೆ ಬೆರಳಚ್ಚಿಗೆ ನಾಳೆಯೇ ಸಮಯ ಸಿಗಬೇಕಲ್ಲ, ಅದನ್ನು ಮೊದಲು ನೋಡಬೇಕು.