ಡ್ರಾಫ್ಟ್ ಬಿಯರ್ ಹುಡುಕಾಟ: ಲೀಡ್ಸ್ ಲೆಕ್ಕ, ಕಲಬುರಗಿ ಮಾಳಿಗೆಯಿಂದ

ರಜೆಗೆ ಊರಿಗೆ ಬಂದಿದ್ದೇನೆ. ರಾತ್ರಿ ಹತ್ತು ಗಂಟೆ ಆದರೂ ಮಾಳಿಗೆ ಮೇಲಿನ ಶಹಾಬಾದ್ ಫರಸಿ ಇನ್ನೂ ಸುಡುತ್ತಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಳ್ಳೆ ಡ್ರಾಫ್ಟ್ ಬಿಯರ್ (ಬಾಟಲಿಯದಲ್ಲ, ಪೀಪಾಯಿಯಿಂದ ನೇರ ಗ್ಲಾಸಿಗೆ ಬರುವುದು) ಹುಡುಕುತ್ತ ಎರಡು ವರ್ಷದಿಂದ ಬರೆಯುತ್ತಿರುವ ನೋಟ್‌ಬುಕ್ ತೊಡೆ ಮೇಲಿದೆ. ನವೆಂಬರ್ ನಂತರದ್ದು ಏನೂ ಸೇರಿಸಿರಲಿಲ್ಲ, ಈಗ ಸೇರಿಸುತ್ತೇನೆ. ಇಲ್ಲಿಯವರೆಗೆ 61 ಪಬ್ ನೋಡಿದ್ದೇನೆ, ಮತ್ತೆ ಹೋಗಬೇಕು ಅನಿಸಿದ್ದು 14. ಎಲ್ಲ ಕಡೆ ಅರ್ಧ ಪೈಂಟ್ ಮಾತ್ರ, ಅಂದರೆ 284 ಮಿಲಿ. ಓಡಾಟ ಬಸ್ಸಿನಲ್ಲೇ.

ಶುರುವಾಗಿದ್ದು ವೈಟ್‌ಲಾಕ್ಸ್‌ನಲ್ಲಿ. ಬ್ರಿಗೇಟ್ ಅನ್ನೋ ದೊಡ್ಡ ಬೀದಿಯ ಪಕ್ಕದ ಸಣ್ಣ ಗಲ್ಲಿಯೊಳಗೆ ಇದೆ, 1715ರಿಂದ ನಡೆಯುತ್ತಿರುವ ಪಬ್. ಅಲ್ಲಿಯವರೆಗೆ ನಾನು ಕುಡಿದಿದ್ದೆಲ್ಲ ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ಲಾಗರ್, ಅಂದರೆ ನಮ್ಮ ಬಾರುಗಳಲ್ಲಿ ಸಿಗುವ ಮಾಮೂಲಿ ಬಿಯರ್. ಇಲ್ಲಿ ಕೌಂಟರಿನಾಕೆ ಉದ್ದನೆಯ ಹಿಡಿಕೆ ಹಿಡಿದು, ಬೋರಿಂಗ್ ಹೊಡೆದ ಹಾಗೆ ಎಳೆದು ಗ್ಲಾಸ್ ತುಂಬಿಸಿದರು. ಐಸಿನಂಥ ತಂಪಿಲ್ಲ, ಗ್ಯಾಸ್ ಚುರುಕಿಲ್ಲ. ಕೆಟ್ಟುಹೋಗಿದೆ ಅಂದುಕೊಂಡೆ. ಎರಡನೇ ಗುಟುಕಿಗೆ ಸುಟ್ಟ ರೊಟ್ಟಿಯ ಅಂಚಿನ ಘಮ ಬಂತು, ಆಮೇಲೆ ಕಿತ್ತಳೆ ಸಿಪ್ಪೆಯಂಥ ಒಗರು. ಇಷ್ಟು ದಿನ ತಂಪಿನಲ್ಲಿ ರುಚಿಯೇ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಅದು ಕ್ಯಾಸ್ಕ್ ಬಿಯರ್. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತ ಇರುತ್ತದೆ, ಪಬ್ಬಿನ ನೆಲಮಾಳಿಗೆಯಲ್ಲೇ ಎರಡನೇ ಸಲ ಹುದುಗುತ್ತದೆ. 11ರಿಂದ 13 ಡಿಗ್ರಿಯಲ್ಲಿ ಇಡುತ್ತಾರೆ, ಹೊರಗಿನ ಗ್ಯಾಸ್ ಹಾಕಿ ತಳ್ಳುವುದಿಲ್ಲ. ಕೆಗ್ ಅನ್ನೋ ಮುಚ್ಚಿದ ಲೋಹದ ಪೀಪಾಯಿ ಬೇರೆ. ಅದರಲ್ಲಿ ಗ್ಯಾಸ್ ಒತ್ತಡ ಬಿಯರನ್ನು ಮೇಲಕ್ಕೆ ತಳ್ಳುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ, ಹಾಗಾಗಿ ಜಾಸ್ತಿ ದಿನ ತಡೆಯುತ್ತದೆ. ಕ್ಯಾಸ್ಕ್ ತೆರೆದ ಕ್ಷಣದಿಂದ ಗಾಳಿ ಒಳಗೆ ಹೋಗುತ್ತಿರುತ್ತದೆ. ಮೂರು ದಿನ. ಅದಾದ ಮೇಲೆ ಇಳಿಜಾರು. 1970ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕೆಗ್ ಎಲ್ಲ ಕಡೆ ಬಂದು ಈ ಹಳೇ ಪದ್ಧತಿ ಮುಳುಗುತ್ತಿತ್ತು. ಕುಡಿಯುವವರೇ ಸೇರಿ 1971ರಲ್ಲಿ ಕ್ಯಾಮ್ರಾ ಅಂತ ಸಂಘ ಕಟ್ಟಿ ಉಳಿಸಿಕೊಂಡರು. ಗ್ರಾಹಕರು ಹೀಗೆ ಹಟ ಹಿಡಿದದ್ದು ನನಗೆ ತುಂಬ ಇಷ್ಟವಾದ ವಿಷಯ.

ಮೊದಲ ಆರು ತಿಂಗಳು ನಾನು ಬ್ರ್ಯಾಂಡ್ ಬೆನ್ನು ಹತ್ತಿದ್ದೆ. ಕೀತ್ಲಿಯ ಟಿಮೊಥಿ ಟೇಲರ್ ಕಂಪನಿಯ ಲ್ಯಾಂಡ್‌ಲಾರ್ಡ್ ಅನ್ನೋ ಬಿಯರ್ ಒಂದು ಪಬ್ಬಿನಲ್ಲಿ ಕುಡಿದು ಕಣ್ಣು ಅರಳಿತ್ತು, ಅದೇ ವಾರ ಇನ್ನೊಂದು ಪಬ್ಬಿನಲ್ಲಿ ಅದೇ ಬಿಯರ್ ಕೇಳಿದರೆ ಹಳಸಿದ ಅಂಬಲಿ ವಾಸನೆ! ಆ ಪಬ್ಬಿನಲ್ಲಿ ಎಂಟು ಹ್ಯಾಂಡ್‌ಪಂಪ್ ಇದ್ದವು, ಮಂಗಳವಾರ ಮಧ್ಯಾಹ್ನ, ಗಿರಾಕಿ ನಾಲ್ಕು ಜನ. ಹುಳಿ ಬಂದಿದೆ ಅಂದೆ, ತಕರಾರಿಲ್ಲದೆ ಬದಲಿಸಿಕೊಟ್ಟರು. ಮನೆಗೆ ಬಂದು ಲೆಕ್ಕ ಹಾಕಿದೆ. ಸಾಮಾನ್ಯವಾಗಿ ಬರುವ ಫರ್ಕಿನ್ ಪೀಪಾಯಿಯಲ್ಲಿ 72 ಪೈಂಟ್. ಮೂರು ದಿನದಲ್ಲಿ ಮುಗಿಯಬೇಕೆಂದರೆ ಒಂದೊಂದು ಪಂಪಿಗೂ ದಿನಕ್ಕೆ 24 ಪೈಂಟ್ ಹೋಗಬೇಕು. ಎಂಟು ಪಂಪಿಗೆ 192. ನಾಲ್ಕು ಗಿರಾಕಿಯಿಂದ ಆಗುತ್ತಾ?

ಆಗ ಕಾಕಾ ನೆನಪಾದರು. ಚಿಕ್ಕವನಿದ್ದಾಗ ಸೂಪರ್ ಮಾರ್ಕೆಟ್ ಕಡೆ ಮಿರ್ಚಿ ಭಜಿ ತಿನ್ನಿಸಲು ಕರೆದುಕೊಂಡು ಹೋದರೆ ಬಂಡಿ ಬಂಡಿ ದಾಟಿಸಿಕೊಂಡು ಹೋಗುತ್ತಿದ್ದರು. "ಎಣ್ಣಿ ನೋಡೊ, ಭಜಿ ನೋಡಬ್ಯಾಡ" ಅನ್ನೋರು. ಎಣ್ಣೆ ಕಪ್ಪಾಗಿದ್ದರೆ ಮುಂದಕ್ಕೆ. ಜನ ಮುತ್ತಿಕೊಂಡಿದ್ದರೆ ಅಲ್ಲಿ ಹಿಟ್ಟು ತಾಜಾ ಇರುತ್ತದೆ, ನಿಲ್ಲು. ಆವತ್ತಿನಿಂದ ನಾನು ಯಾವ ಬಿಯರ್ ಅಂತ ಕೇಳುವುದು ಬಿಟ್ಟು "ಇದನ್ನು ಯಾವತ್ತು ತೆರೆದಿರಿ" ಅಂತ ಕೇಳತೊಡಗಿದೆ. ಒಳ್ಳೆ ಪಬ್ಬಿನವರು ಖುಷಿಯಿಂದ ಹೇಳುತ್ತಾರೆ, ಕೇಳಿದರೆ ಒಂದು ಗುಟುಕು ಸುಮ್ನೆ ರುಚಿಗೂ ಕೊಡುತ್ತಾರೆ. 14ರ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೂರು ನಾಲ್ಕು ಪಂಪಿನ ಸಣ್ಣ ಪಬ್‌ಗಳೇ.

ಗ್ಲಾಸನ್ನೂ ನೋಡುತ್ತೇನೆ. ಲೀಡ್ಸ್ ಇರುವ ಯಾರ್ಕ್‌ಷೈರ್ ಕಡೆ ಪಂಪಿನ ಮೂತಿಗೆ ಸಣ್ಣ ತೂತುಗಳ ಬಿರಡೆ ಹಾಕುತ್ತಾರೆ, ಸ್ಪಾರ್ಕ್ಲರ್ ಅಂತ, ಅದರಿಂದ ನೊರೆ ಕೆನೆಯಷ್ಟು ದಪ್ಪ ಬರುತ್ತದೆ. ಗುಟುಕಿಗೊಂದರಂತೆ ಗ್ಲಾಸಿನ ಒಳಗೆ ನೊರೆಯ ಗೆರೆ ಉಳಿಯಬೇಕು. ಗುಳ್ಳೆಗಳು ಗ್ಲಾಸಿನ ಗೋಡೆಗೆ ಅಂಟಿ ಕೂತಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ. ಕಾಯಿಸಿದ ಬೆಣ್ಣೆಯ ವಾಸನೆ ಬಂದರೆ ಪೀಪಾಯಿಯಿಂದ ಪಂಪಿಗೆ ಬರುವ ಪೈಪಿನ ಮೇಲೆ ನನ್ನ ಅನುಮಾನ. ಅಲ್ಲಿ ಪೈಪ್ ವಾರಕ್ಕೊಮ್ಮೆ ತೊಳೆಯುವುದು ರೂಢಿ.

ಚಳಿಗಾಲದಲ್ಲಿ ಇನ್ನೊಂದು ಕೆಲಸ ಸೇರಿತು. ಆಳಂದದ ಗೆಳೆಯ ಲೀಡ್ಸ್‌ಗೆ ಬಂದ, ಪಕ್ಕಾ ಶಾಖಾಹಾರಿ, ಮೊಟ್ಟೆ ಕೂಡ ಮುಟ್ಟಲ್ಲ. ನನ್ನ ಜೊತೆ ಎರಡು ಮೂರು ಪಬ್ ಸುತ್ತಿದ. ಆಮೇಲೆ ಗೊತ್ತಾಯಿತು, ಕ್ಯಾಸ್ಕ್ ಬಿಯರ್ ತಿಳಿಯಾಗಲು ಹಲವು ಕಡೆ ಐಸಿಂಗ್ಲಾಸ್ ಹಾಕುತ್ತಾರೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು, ತೇಲುವ ಯೀಸ್ಟ್ ಹಿಡಿದುಕೊಂಡು ತಳಕ್ಕೆ ಕೂರಿಸುತ್ತದೆ. ಅವನಿಗೆ ಹೇಳುವಾಗ ನನ್ನ ಗಂಟಲು ಒಣಗಿತ್ತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಿನಗೂ ಗೊತ್ತಿರಲಿಲ್ಲಲ್ಲೋ, ಬಿಡು" ಅಂದ. ಅಂದಿನಿಂದ ಅನ್‌ಫೈನ್ಡ್ (ತಿಳಿಯಾಗಿಸಲು ಏನೂ ಹಾಕದ್ದು) ಅಂತ ಬರೆದಿರುವ ಬಿಯರ್‌ಗಳಿಗೆ ಬೇರೆ ಪುಟ ಮಾಡಿದ್ದೇನೆ. ಸ್ವಲ್ಪ ಮಬ್ಬಾಗಿರುತ್ತವೆ, ರುಚಿಗೆ ಏನೂ ಕಮ್ಮಿ ಇಲ್ಲ. ಐರ್ಲೆಂಡಿನ ಗಿನ್ನೆಸ್ ಬಿಯರ್ ಕಂಪನಿ ಕೂಡ ಮೊದಲು ಐಸಿಂಗ್ಲಾಸ್ ಬಳಸುತ್ತಿತ್ತು, ಈಗ ಬಿಟ್ಟಿದೆ. ಆ ಪುಟದಲ್ಲಿ ಸದ್ಯ ಒಂಬತ್ತು ಹೆಸರು.

ಇನ್ನು ಊರಿನ ಸುದ್ದಿ. ಮಾವನ ಮಗ "ಅಣ್ಣಾ, ನಮ್ಮೂರಾಗೂ ಡ್ರಾಫ್ಟ್ ಸಿಗ್ತದ, ಬಾ" ಅಂತ ರಿಂಗ್ ರೋಡ್ ಕಡೆ ಒಂದು ಬಾರಿಗೆ ಕರೆದುಕೊಂಡು ಹೋದ. ಬುಧವಾರ. ಅದೇ ಬೆಣ್ಣೆ ವಾಸನೆ, ನೊರೆ ಕೂಡಲೇ ಕುಸಿಯಿತು. ಅರ್ಧಕ್ಕೇ ಬಿಟ್ಟೆ. ಬಿಲ್ ತಂದ ಹುಡುಗನಿಗೆ "ಹೊಸ ಕೆಗ್ ಯಾವತ್ತು ಬರ್ತದಪ್ಪಾ" ಅಂತ ಕೇಳಿದೆ. "ಶುಕ್ರವಾರ ಸಂಜಿಗಿ ಬರ್ತದ್ರಿ, ಆವತ್ತೇ ಪೈಪ್ ತೊಳೀತೀವಿ" ಅಂದ.

ಶುಕ್ರವಾರ ಏಳಕ್ಕೆ ಹೋದೆವು. ಹೊರಗೆ ಬಿಸಿಗಾಳಿ. ಕೆಗ್ಗನ್ನು ಹಿಂದಿನ ಕೋಣೆಯ ನೆರಳಲ್ಲಿ ಇಟ್ಟು, ಮನೆಯಲ್ಲಿ ಅವ್ವ ಕೊಡಕ್ಕೆ ಸುತ್ತುವ ಹಾಗೆ ಒದ್ದೆ ಗೋಣಿಚೀಲ ಸುತ್ತಿದ್ದರು. ಹುಡುಗ ಚೊಂಬಿನಿಂದ ಅದರ ಮೇಲೆ ನೀರು ಸುರಿಯುತ್ತಿದ್ದ. ಮೊದಲ ಎರಡು ಗ್ಲಾಸ್ ಬರೀ ನೊರೆ, ಚೆಲ್ಲಿದ. ಮೂರನೆಯದು ನಮಗೆ ಬಂತು. ಬೆಣ್ಣೆ ವಾಸನೆ ಇಲ್ಲ, ಹಸಿ ಗೋಧಿ ಹಿಟ್ಟಿನಂಥ ತೆಳು ಸಿಹಿ, ಕೊನೆಗೆ ಸ್ವಲ್ಪ ಕಹಿ. ಜೊತೆಗೆ ಹುರಿದ ಶೇಂಗಾ, ಹಸಿ ಉಳ್ಳಾಗಡ್ಡಿ. ಗ್ಲಾಸಿನ ಒಳಗೆ ಐದು ಗೆರೆ ಎಣಿಸಿದೆ.

ಪಟ್ಟಿಗೆ 15ನೆಯದಾಗಿ ಸೇರಿಸಿದ್ದೇನೆ, ಪಕ್ಕದಲ್ಲಿ "ಶುಕ್ರವಾರ ಮಾತ್ರ" ಅಂತ ಬರೆದು. ನಾನು ಹೊರಡುವುದಕ್ಕೆ ಮೊದಲು ಇನ್ನೊಂದು ಶುಕ್ರವಾರ ಸಿಗುತ್ತದೆ. ಆವತ್ತು ಕಾಕಾ ಕೂಡ ಬರುತ್ತೇನೆ ಅಂದಿದ್ದಾರೆ.