ಬೀರುವಿನ ಬೀಗ ತೆಗೆದ ಮೇಲೆ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಲು ಶುರುಮಾಡಿ ಹದಿನಾರು ವರ್ಷವಾಯಿತು. ಅದರಲ್ಲಿ ಹದಿನಾಲ್ಕು ವರ್ಷ ಲೈಬ್ರರಿ ಬೀರುವಿನ ಬೀಗದ ಕೈ ನನ್ನ ಪರ್ಸಿನಲ್ಲೇ ಇತ್ತು. ಶನಿವಾರ ಕೊನೆಯ ಪೀರಿಯಡ್ಡಿಗೆ ಬೀರು ತೆಗೆದು, ಒಬ್ಬೊಬ್ಬರ ಹೆಸರು ಕೂಗಿ, ನಿನಗೆ ಇದು, ನಿನಗೆ ಅದು ಅಂತ ಹಂಚುತ್ತಿದ್ದೆ. ಒಳ್ಳೆಯ ಪುಸ್ತಕಗಳನ್ನೇ ಕೊಡುತ್ತಿದ್ದೆ. ಮುಂದಿನ ಶನಿವಾರ ಅವು ಹೋದ ಹಾಗೇ ವಾಪಸು ಬರುತ್ತಿದ್ದವು. ಈಗಿನ ಮಕ್ಕಳು ಓದಲ್ಲ ಅಂತ ಸ್ಟಾಫ್ ರೂಮಿನಲ್ಲಿ ನಾನೂ ಹೇಳಿದ್ದೇನೆ.

ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ 2020ರಲ್ಲಿ ಶುರುವಾಯಿತಲ್ಲ, ನಮ್ಮ ಒಂಬತ್ತನೇ ಕ್ಲಾಸಿನವರಲ್ಲಿ ಎಷ್ಟೋ ಜನ ಕಾರ್ಡೇ ಮಾಡಿಸಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಶನಿವಾರ ಎಲ್ಲರನ್ನೂ ಕರೆದುಕೊಂಡು ಹೋದೆ. ಅಲ್ಲಿನ ಮೇಲ್ವಿಚಾರಕರು, ‘ನೋಡ್ಕೊಂಡು ಯಾವ್ದು ಬೇಕೋ ತಗೊಳ್ಳಿ’ ಅಂದರು. ಮಕ್ಕಳು ತಿರುಗಿ ನನ್ನ ಮುಖ ನೋಡಿದರು. ತಗೋಬಹುದಾ ಅಂತ. ಆ ನೋಟ ನನಗೆ ಇವತ್ತಿಗೂ ಚುಚ್ಚುತ್ತದೆ.

ಒಬ್ಬಳು ಇಪ್ಪತ್ತು ನಿಮಿಷ ಒಂದೇ ಕಪಾಟಿನ ಮುಂದೆ ನಿಂತಿದ್ದಳು. ತೆಗೆಯುವುದು, ಕೊನೆಯ ಪುಟ ಓದುವುದು, ಇಡುವುದು. ಆಮೇಲೆ ಮೊದಲು ಇಟ್ಟಿದ್ದನ್ನೇ ಹುಡುಕಿ ತಗೊಂಡಳು. ದೆವ್ವದ ಕಥೆಗಳು. ಇನ್ನೊಬ್ಬ ಹುಡುಗ, ಕ್ಲಾಸಿನಲ್ಲಿ ಬಾಯೇ ಬಿಡದವನು, ಕೋಳಿ ಸಾಕಣೆಯ ತೆಳ್ಳಗಿನ ಪುಸ್ತಕ ಎತ್ತಿಕೊಂಡ. ಇದೇನೋ ಅಂತ ಕೇಳಲು ಹೋದವಳು ಸುಮ್ಮನಾದೆ.

ಒಂದು ತಿಂಗಳಾದ ಮೇಲೆ ಅವನೇ ಬಂದ. ‘ಮಿಸ್, ಪುಸ್ತಕದಲ್ಲಿ 21 ದಿನ ಅಂತ ಬರ್ದಿದಾರೆ. ನಮ್ ಕೋಳಿ 20ಕ್ಕೇ ಮರಿ ಮಾಡ್ತು.’ ಕಾವಿಗೆ ಕೂರಿಸಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನಾ ಎಣಿಸಿದ್ದನಂತೆ. ಬರೆದವರ ಜೊತೆ ವಾದಕ್ಕಿಳಿಯುವಷ್ಟು ಗಮನ ಇಟ್ಟು ಓದಿದ್ದ. ನಾನು ಕೈಯಾರೆ ಕೊಟ್ಟ ಯಾವ ಕಾದಂಬರಿಯನ್ನೂ ಯಾರೂ ಹಾಗೆ ಓದಿರಲಿಲ್ಲ.

ಎಸ್‌.ಆರ್‌. ರಂಗನಾಥನ್, ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದವರು, 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಅವನಿಗೆ ನಾನು ಆರಿಸಿದ ಪುಸ್ತಕ ಅಂತಲೇ ನಾನು ಅಂದುಕೊಂಡಿದ್ದೆ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಅದಕ್ಕೆ ಅವರು ತೋರಿಸಿದ ದಾರಿ ತೆರೆದ ಕಪಾಟು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದವರು ಅವರು. ಇಲ್ಲಿ ಎಷ್ಟೋ ಸ್ಕೂಲುಗಳ ಬೀರುಗಳಿಗೆ ಇನ್ನೂ ಬೀಗ.

ಈಗ ನಮ್ಮ ಬೀರು ದಿನಾ ತೆರೆದಿರುತ್ತದೆ. ಹೋದ ವರ್ಷ ನಾಲ್ಕು ಪುಸ್ತಕ ಕಳೆದವು, ನಿಜ. ಅರ್ಧ ಓದಿ ಬಿಟ್ಟರೆ ಯಾಕೆ ಅಂತ ಕೇಳುವುದಿಲ್ಲ. ದೆವ್ವದ ಕಥೆ ಓದಿದ ಹುಡುಗಿಯ ಅಮ್ಮ ಬಂದು, ರಾತ್ರಿ ಲೈಟ್ ಆರಿಸೋಕೆ ಬಿಡ್ತಿಲ್ಲ ಮಿಸ್ ಅಂತ ಬೇಜಾರು ಮಾಡಿಕೊಂಡರು. ನೀವೂ ಒಂದು ಕಥೆ ಓದಿ ನೋಡಿ ಅಂದೆ. ಆಮೇಲೆ ಆ ಪುಸ್ತಕ ವಾಪಸು ಬರುವುದು ಎರಡು ವಾರ ಜಾಸ್ತಿ ತಡವಾಯಿತು.

ಕೋಳಿ ಹುಡುಗ ಈಗ ಪಿಯುಸಿ. ಮೊನ್ನೆ ಸ್ಕೂಲಿಗೆ ಬಂದಿದ್ದ. ‘ಕೋಳಿ ಕಳ್ಳರ ಕಥೆ ಏನಾದ್ರೂ ಇದ್ಯಾ ಮಿಸ್?’ ಅಂದ. ಇಬ್ಬರೂ ನೆಲದ ಮೇಲೆ ಕೂತು ಕೆಳಗಿನ ಕಪಾಟೆಲ್ಲ ಹುಡುಕಿದೆವು. ಸಿಗಲಿಲ್ಲ. ಹಾವಿನ ಪುಸ್ತಕವೊಂದನ್ನು ಬ್ಯಾಗಿಗೆ ಹಾಕಿಕೊಂಡು ಹೋದ.