ಡಾರ್ಟ್ ಕಾರಿನ ಮುಂಗಾಲು

ಮಿಶಿಗನ್‌ನಲ್ಲಿ ಮೇ ತಿಂಗಳು ಬಂದರೆ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಕೆಲಸ ಮಾಡಬಹುದು. ನಾನು ಚಳಿಗಾಲವಿಡೀ ಕಾದಿದ್ದು ಅದಕ್ಕೇ. ನನ್ನ ಹತ್ತಿರ 1968ರ ಡಾಡ್ಜ್ ಡಾರ್ಟ್ ಇದೆ. ಎರಡು ಬಾಗಿಲಿನದು, 225 ಘನ ಇಂಚಿನ ಸ್ಲಾಂಟ್ ಸಿಕ್ಸ್, ಅಂದರೆ ಓರೆಯಾಗಿ ಕೂತ ಆರು ಸಿಲಿಂಡರ್ ಎಂಜಿನ್. ಇದನ್ನು ದೊಡ್ಡ ಎಂಜಿನ್ನಿನ ಮಸಲ್ ಕಾರ್ ಅಂದರೆ ತಿಳಿದವರು ನಗುತ್ತಾರೆ. ಅದೇ ವರ್ಷ ಬಂದ ಡಾರ್ಟ್ ಜಿಟಿಎಸ್‌ನಲ್ಲಿ 340 ವಿ8, 275 ಹಾರ್ಸ್‌ಪವರ್. ಅದು ಮಸಲ್ ಕಾರು. ನನ್ನದು ಅದರ ಬಡ ತಮ್ಮ. ದೊಡ್ಡ ಎಂಜಿನ್ ಮುಂದೆಂದಾದರೂ ನೋಡೋಣ, ಮೊದಲು ಸರಿಯಾಗಿ ನಿಲ್ಲೋದು ಕಲಿಯಲಿ ಅಂತ ಮುಂದಿನ 9 ಇಂಚಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಲು ಹೊರಟಿದ್ದೆ.

ಡಿಸ್ಕ್ ಅಂದರೆ ಬರೀ ಡಿಸ್ಕ್ ಅಲ್ಲ. 1973ರಿಂದ 76ರವರೆಗಿನ ಡಾರ್ಟ್, ಪ್ಲಿಮತ್ ಡಸ್ಟರ್‌ಗಳ ಸ್ಪಿಂಡಲ್, ಅಂದರೆ ಚಕ್ರ ಕೂರುವ ಉಕ್ಕಿನ ತುಂಡು ಬೇಕು. ಆ ಸ್ಪಿಂಡಲ್‌ಗೆ ಮೇಲಿನ ಬಾಲ್ ಜಾಯಿಂಟ್, ಅಂದರೆ ಗುಂಡು ಕೀಲು, ದೊಡ್ಡದು. ದೊಡ್ಡ ಬಾಲ್ ಜಾಯಿಂಟ್ ಸ್ಪಿಂಡಲನ್ನು ಮೇಲಿನಿಂದ ಹಿಡಿಯುವ ಹಳೆಯ ಅಪ್ಪರ್ ಆರ್ಮ್‌ನಲ್ಲಿ ಕೂರುವುದಿಲ್ಲ, ಹಾಗಾಗಿ ಆರ್ಮ್ ಕೂಡ 73ರ ನಂತರದ್ದೇ ಆಗಬೇಕು. ಹಳೇ ಸಾಮಾನು ಮಾರುವವರೊಬ್ಬರ ಹತ್ತಿರ ಒಂದು ಕ್ರೇಟ್ ತುಂಬಾ ಸಿಕ್ಕಿತ್ತು. "ಎಲ್ಲಾ ಒಂದೇ 1974ರ ಕಾರಿನದ್ದು" ಅಂತ ಆಣೆ ಮಾಡಿದ್ದರು. ಜೊತೆಗೆ ಸ್ಪ್ರಿಂಗ್ ಬದಲಿಗೆ ಇರುವ ಒಂದು ಜೋಡಿ ಟಾರ್ಷನ್ ಬಾರ್ ಬೇರೆ.

ಅಪ್ಪ ಆಗ ನಮ್ಮನೆಗೆ ಬಂದಿದ್ದರು. ಹಾಸನದಲ್ಲಿ ಇಪ್ಪತ್ತಾರು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಬಂದು ತಿಂಗಳಾಗಿತ್ತು, ಟಿವಿ ನೋಡಿ ನೋಡಿ ಬೇಜಾರಾಗಿದ್ದರು. ಮಫ್ಲರ್ ಸುತ್ತಿಕೊಂಡು ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು.

ಮೊದಲ ಎಡವಟ್ಟು ಚಕ್ರ ಬಿಚ್ಚುವಾಗಲೇ ಆಯಿತು. ಬಲಗಡೆಯದು ಸಲೀಸಾಗಿ ಬಂತು. ಎಡಗಡೆ ನಟ್ಟು ಅಲ್ಲಾಡಲಿಲ್ಲ. ಪೈಪ್ ಸಿಕ್ಕಿಸಿ ಜೋರಾಗಿ ಎಳೆದೆ. ಸ್ಟಡ್ ಟಪ್ ಅಂತ ಮುರಿದು ಕೈಗೆ ಬಂತು.

"ಉಲ್ಟಾ ಮರೆ ಇರ್ಬೇಕು ಕಣೋ," ಅಂದರು ಅಪ್ಪ, ಕುರ್ಚಿ ಬಿಟ್ಟು ಏಳದೆ. "ಹಳೇ ಲಾರಿಗಳಲ್ಲಿ ಎಡಗಡೆ ಹಂಗೇ ಇರ್ತಿತ್ತು."

ಉಳಿದ ಸ್ಟಡ್‌ಗಳ ತುದಿ ಒರೆಸಿ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರ. ಆ ಕಾಲದ ಕ್ರೈಸ್ಲರ್ ಕಂಪನಿಯ ಕಾರುಗಳಿಗೆ (ಡಾಡ್ಜ್ ಅದರದ್ದೇ) ಎಡಗಡೆ ಎಡ ಮರೆ, ಅಂದರೆ ನಟ್ಟನ್ನು ಉಲ್ಟಾ ತಿರುಗಿಸಿ ಬಿಚ್ಚಬೇಕು ಅಂತ ನಾನೂ ಎಲ್ಲೋ ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ, ಅಷ್ಟೇ.

ಕಾರಿನಡಿ ಬಗ್ಗಿ ನೋಡಿದ ಮೇಲೆ ಅಪ್ಪ ಕುರ್ಚಿಗೆ ವಾಪಸ್ ಹೋಗಲೇ ಇಲ್ಲ. "ಅಯ್ಯೋ, ಇದೂ ಬಾರಿನ ಗಾಡೀನಾ!" ಡಾರ್ಟಿನ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಉದ್ದಕ್ಕೆ ಮಲಗಿದ ಎರಡು ಉಕ್ಕಿನ ಸರಳುಗಳಿವೆ. ಚಕ್ರ ಮೇಲೆದ್ದರೆ ಒದ್ದೆ ಪಂಚೆ ಹಿಂಡಿದ ಹಾಗೆ ಸರಳು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಕ್ರೈಸ್ಲರ್ ಇದನ್ನು ತನ್ನ ಕಾರುಗಳಿಗೆ ಹಾಕಲು ಶುರು ಮಾಡಿದ್ದು 1957ರಲ್ಲಿ. ಅಂಬಾಸಿಡರ್‌ನ ಮುಂದೆ ಇದ್ದದ್ದೂ ಇದೇ ಟಾರ್ಷನ್ ಬಾರ್. ಇಷ್ಟು ವರ್ಷ ಅಮೆರಿಕನ್ ಕಾರು ಅಂತ ಮುದ್ದು ಮಾಡಿದ ನನಗೆ ಅದು ಹೊಳೆದೇ ಇರಲಿಲ್ಲ.

ಲೋವರ್ ಆರ್ಮ್‌ನಲ್ಲಿರುವ ಬೋಲ್ಟನ್ನು ಸುತ್ತು ಎಣಿಸುತ್ತಾ ಸಡಿಲಿಸಿ ಬಾರಿನ ಬಿಗಿ ಇಳಿಸಿದೆ. ಹಿಂದಿನ ಕ್ಲಿಪ್ ತೆಗೆದೆ. ಬಾರು ಹಿಂದಕ್ಕೆ ಜಾರಬೇಕು, ಜಾರಲಿಲ್ಲ. ನಾನು ಸುತ್ತಿಗೆ ಎತ್ತಿದ್ದೇ ತಡ, ಅಪ್ಪ ಕೈ ಹಿಡಿದರು. "ಮೈ ಮೇಲೆ ಹೊಡೀಬೇಡ. ಗೀರು ಬಿದ್ರೆ ಅಲ್ಲಿಂದಲೇ ಬಿರುಕು." ಒಮ್ಮೆ ಶಿರಾಡಿ ಘಾಟಿಯಲ್ಲಿ ಅವರ ಗಾಡಿಯ ಬಾರು ತುಂಡಾಗಿ ಮಡ್‌ಗಾರ್ಡ್ ಟೈರಿನ ಮೇಲೆ ಕೂತಿತ್ತಂತೆ, ಮಳೆಯಲ್ಲಿ, ಮದುವೆ ದಿಬ್ಬಣ ತುಂಬಿಕೊಂಡಿದ್ದಾಗ. ಆ ಕಥೆ ಮುಗಿಯುವಷ್ಟರಲ್ಲಿ ನಾನು ಹಾಕಿದ ಎಣ್ಣೆ ಇಳಿದು ಬಾರು ಸಡಿಲವಾಗಿತ್ತು.

ಹಳೆಯದು 0.83 ಇಂಚು ದಪ್ಪ, ಹೊಸದಾಗಿ ತಂದದ್ದು 0.87. ಒಂದು ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೆ ಕಾಣುವುದೂ ಇಲ್ಲ. ಆದರೂ ಸುಮಾರು ಶೇಕಡಾ 20ರಷ್ಟು ಗಟ್ಟಿ. ತೊಂದರೆ ಏನೆಂದರೆ ಎಡ ಬಲ ಅದಲು ಬದಲು ಮಾಡುವಂತಿಲ್ಲ. ಯಾವ ಕಡೆ ತಿರುಚಿಕೊಳ್ಳಬೇಕು ಅಂತ ಕಾರ್ಖಾನೆಯಲ್ಲೇ ಬಾರಿಗೆ ಅಭ್ಯಾಸ ಮಾಡಿಸಿರುತ್ತಾರೆ. ತುದಿಯಲ್ಲಿ ನಂಬರ್ ಇರುತ್ತದೆ, ಬೆಸ ಬಂದರೆ ಎಡ, ಸಮ ಬಂದರೆ ಬಲ. ನಮ್ಮದರ ತುದಿ ತುಕ್ಕು ಹಿಡಿದು ಏನೂ ಕಾಣಲಿಲ್ಲ. ಅಪ್ಪ ವೈರ್ ಬ್ರಷ್‌ನಲ್ಲಿ ಉಜ್ಜಿ, ಮಗಳ ಬಣ್ಣದ ಸೀಮೆಸುಣ್ಣ ತಂದು ಅಡ್ಡಡ್ಡ ಸವರಿದರು. ಆರ್‌ಟಿಓಗೆ ಚಾಸಿ ನಂಬರ್ ತೋರಿಸುವಾಗ ಮಾಡುತ್ತಿದ್ದ ಉಪಾಯವಂತೆ. ಗುಲಾಬಿ ಬಣ್ಣದಲ್ಲಿ 892 ಎದ್ದು ಬಂತು. ಇನ್ನೊಂದು 893.

"ಡ್ರೈವರ್ ಸೈಡಿಗೆ 893," ಅಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡುತ್ತೇನೆ, ಅಪ್ಪ ಅದನ್ನು ಬಲಗಡೆ ತೂರಿಸಿದ್ದಾರೆ. ಅವರ ಡ್ರೈವರ್ ಕೂರುವುದು ಬಲಕ್ಕೆ ಅಲ್ವಾ!

ಬಾರುಗಳು ಸರಿಯಾದ ಜಾಗ ಸೇರಿದವು. ಇನ್ನು ಸ್ಪಿಂಡಲ್. ಜೋಡಿಸುವ ಮೊದಲು ಎರಡನ್ನೂ ಒರೆಸಿ ನೆಲದ ಮೇಲೆ ನಿಲ್ಲಿಸಿದ್ದೆ. ಕಾಫಿ ಕುಡಿಯುತ್ತಾ ಅಪ್ಪ ಅವನ್ನೇ ನೋಡುತ್ತಿದ್ದರು.

"ಇದಕ್ಕೊಂದು ಕಾಲು ಉದ್ದ ಐತಲ್ಲೋ."

ನೆಲ ಓರೆಯಾಗಿದೆ ಅಂದುಕೊಂಡೆ. ಜಾಗ ಬದಲಿಸಿ ಇಟ್ಟರೂ ಅಷ್ಟೇ. ಅಳೆದರೆ ಸರಿಯಾಗಿ 3/8 ಇಂಚು ಎತ್ತರ. ಆಗ ಗೊತ್ತಾಯಿತು, ಒಂದು 74ರ ಡಾರ್ಟಿನದೇ, ಇನ್ನೊಂದು 1976ರ ಮಾಡೆಲ್‌ನಿಂದ ಬಂದ ಆಸ್ಪೆನ್, ವೊಲಾರೆ ಕಾರುಗಳ ಜಾತಿಯದು. ಎತ್ತರದ್ದನ್ನೇ ಜೋಡಿಯಾಗಿ ಬೇಕೆಂದು ಹಾಕುವವರೂ ಇದ್ದಾರೆ. ಆದರೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಹಾಕಿದರೆ ಕುಣಿಯಲ್ಲಿ ಎರಡು ಚಕ್ರ ಎರಡು ಥರ ವಾಲುತ್ತವೆ. ಎರಡೂ ಬೋಲ್ಟ್ ಆಗುತ್ತವೆ, ಅದೇ ಅಪಾಯ. ಅನುಮಾನ ಬಂದು ಅಪ್ಪರ್ ಆರ್ಮ್‌ಗಳನ್ನೂ ಪರೀಕ್ಷಿಸಿದೆ. 1 59/64 ಇಂಚಿನ ವಿಚಿತ್ರ ಸಾಕೆಟ್ ಎರಡಕ್ಕೂ ಕೂತಿತು, ಅಂದರೆ ದೊಡ್ಡ ಬಾಲ್ ಜಾಯಿಂಟೇ. ಅಷ್ಟಾದರೂ ನಿಜ ಹೇಳಿದ್ದರು ಪುಣ್ಯಾತ್ಮರು.

ಸರಿಯಾದ ಸ್ಪಿಂಡಲ್ ಸಿಗಲು ಎರಡು ವಾರ ಬೇಕಾಯಿತು. ಅಷ್ಟೂ ದಿನ ಕಾರು ಸ್ಟ್ಯಾಂಡಿನ ಮೇಲೆ. ಉಳಿದ ಕೆಲಸ ಒಂದೇ ದಿನದ್ದು. ಲೋವರ್ ಆರ್ಮ್‌ನ ನಟ್ಟಿಗೆ ಮಾತ್ರ ನನಗೂ ಅಪ್ಪನಿಗೂ ಜಗಳವಾಯಿತು. ಕಾರು ಮೇಲಿದ್ದಾಗಲೇ ಬಿಗಿ ಮಾಡಿ ಮುಗಿಸು ಅಂತ ಅವರು. ಹಾಗೆ ಮಾಡಿದರೆ ಕಾರು ಇಳಿಸಿದ ಕೂಡಲೇ ಬುಷ್‌ನ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ, ಭಾರ ಚಕ್ರದ ಮೇಲೆ ಬಂದ ಮೇಲೇ ಬಿಗಿ ಮಾಡಬೇಕು ಅಂತ ನಾನು. ಈ ಒಂದು ವಿಷಯದಲ್ಲಿ ಗೆದ್ದೆ.

ಕ್ಯಾಂಬರ್, ಅಂದರೆ ಚಕ್ರದ ವಾಲು, ಅಂದಾಜಿಗೆ ಹೊಂದಿಸಿ, ಅಲೈನ್‌ಮೆಂಟ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಿದೆ. ಅಪ್ಪ ಪಕ್ಕದಲ್ಲಿ, ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಾ ಕೂತಿದ್ದರು. ಅಂಗಡಿಯಲ್ಲಿ ಡಿಕ್ಕಿ ತೆಗೆದು ನೋಡಿ ಜೋರಾಗಿ ನಕ್ಕರು. ಹೊಸ ಡಿಸ್ಕಿನ ಬೋಲ್ಟ್ ವೃತ್ತ, ಅಂದರೆ ಚಕ್ರದ ಸ್ಟಡ್‌ಗಳು ಕೂತ ಸುತ್ತಿನ ಅಗಲ, 4½ ಇಂಚು, ಹಿಂದಿನ ಆಕ್ಸಲ್‌ನದು ಇನ್ನೂ ಹಳೆಯ 4 ಇಂಚು. ಮುಂದಿನ ಚಕ್ರ ಹಿಂದಕ್ಕೆ ಆಗದು, ಹಿಂದಿನದು ಮುಂದಕ್ಕೆ ಆಗದು.

"ಇಪ್ಪತ್ತಾರು ವರ್ಷ ಗಾಡಿ ಓಡಿಸೀನಿ," ಅಂದರು. "ಎರಡು ಸ್ಟೆಪ್ನಿ ಹೊತ್ಕೊಂಡು ತಿರುಗೋ ಕಾರು ಇದೇ ಮೊದಲು ನೋಡಿದ್ದು."